ಕವಿಗೆ ಉಣಬಡಿಸಿದವಳು

ಬಿ. ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳ’ನ್ನು ತರಗತಿಯಲ್ಲಿ ಪಾಠ ಹೇಳುವ ಕನ್ನಡ ಅಧ್ಯಾಪಕನಿಗೆ ಒಂದು ಅನುಕೂಲವೂ ಒಂದು ಅಪಾಯವೂ ಉಂಟು. ಪದ್ಯಗಳು ತಾವಾಗಿಯೇ ನಾಲಗೆಯ ಮೇಲೆ ನಲಿಯುತ್ತವೆ, ಇದು ಅನುಕೂಲ. ಅವುಗಳ ಹಿಂದೆ ನಿಂತಿರುವ ಮೂಲ ಕವಿಗಳನ್ನು ಕುರಿತು ವಿದ್ಯಾರ್ಥಿಗಳು ಪ್ರಶ್ನೆ ಕೇಳುತ್ತಾರೆ, ಇದು ಅಪಾಯ. ‘ಮಾದ ಮಾದಿ’ ಪದ್ಯಕ್ಕೆ ಮೂಲವನ್ನೊದಗಿಸಿದ ಸ್ಕಾಟ್ಲೆಂಡಿನ ಕವಿ ರಾಬರ್ಟ್ ಬರ್ನ್ಸನ ವಿಷಯವನ್ನು ಒಂದು ದಿನ ಹೇಳುತ್ತಿದ್ದೆನು. ನೇಗಿಲು ಹಿಡಿದ ಕೈ. 1786ರಲ್ಲಿ ಕಿಲ್ಮಾರ್ನಕ್ ಎಂಬ ಸಣ್ಣ ಊರಿನಲ್ಲಿ ಅಚ್ಚಾದ 612 ಪ್ರತಿಗಳ ಮೊದಲ ಪುಸ್ತಕ. ಆ ಚಳಿಗಾಲದಲ್ಲೇ ರಾಜಧಾನಿ ಎಡಿನ್‌ಬರೋಗೆ ಪಯಣ. ಅಲ್ಲಿಯ ದೊಡ್ಡವರೆಲ್ಲ ಈ ರೈತಕವಿಯನ್ನು ಮನೆಗೆ ಕರೆದು ಊಟವಿಟ್ಟು ಕೊಂಡಾಡಿದುದು — ಹೀಗೆ ಮಾತು ಸಾಗಿತ್ತು. ಹಿಂದಿನ ಬೆಂಚಿನಿಂದ ಒಬ್ಬ ವಿದ್ಯಾರ್ಥಿನಿ ಎದ್ದು, “ಊಟಕ್ಕೆ ಕರೆದವರು ಯಾರು ಸಾರ್?” ಎಂದಳು. “ಡಚೆಸ್ ಆಫ್ ಗಾರ್ಡನ್ ಮೊದಲಾದವರು” ಎಂದು ಹೇಳಿ ನಾನು ಮುಂದಿನ ಸಾಲಿಗೆ ಹೋದೆನು.

‘ಮೊದಲಾದವರು’ ಎಂಬುದು ನಮ್ಮ ವೃತ್ತಿಯವರಿಗೆ ಬಹಳ ಒದಗಿಬರುವ ಮಾತು. ಅದರ ಮರೆಯಲ್ಲಿ ಎಷ್ಟು ಅಜ್ಞಾನವನ್ನಾದರೂ ಬಚ್ಚಿಡಬಹುದು. ಆದರೆ ಆ ದಿನ ಮನೆಗೆ ಬಂದ ಮೇಲೆ ಆ ಮಾತು ನನ್ನನ್ನು ಬಾಧಿಸಿತು. ಕವಿಯ ಬಾಳಿನಲ್ಲಿ ಒಂದು ಸಾಲಿನಷ್ಟು ಮಾತ್ರ ಕಾಣಿಸಿಕೊಂಡು ಮರೆಯಾಗುವ ಈ ಹೆಂಗಸು ಯಾರು? ಇಂಗ್ಲಿಷ್ ಪುಸ್ತಕಗಳನ್ನು ತೆರೆದರೆ ಆಕೆ ಎರಡು ಬಗೆಯಲ್ಲಿ ಸಿಗುತ್ತಾಳೆ: ಮೂವರು ಹೆಣ್ಣುಮಕ್ಕಳನ್ನು ಮೂವರು ಡ್ಯೂಕರಿಗೆ ಕಟ್ಟಿದ ಮಹಾ ಗಟ್ಟಿಗಿತ್ತಿಯೆಂದು ಒಂದು, ಮುತ್ತು ಕೊಟ್ಟು ಸೈನ್ಯಕ್ಕೆ ಜನ ಸೇರಿಸಿದ ಬೆಡಗಿಯೆಂದು ಇನ್ನೊಂದು. ಎರಡು ಕಡೆಯೂ ಬರೆದವನ ತುಟಿಯಲ್ಲಿ ಒಂದು ನಗೆಯಿದೆ. ಆ ನಗೆಗೆ ಆಕೆ ಪೂರ್ತಿ ಅರ್ಹಳಲ್ಲವೆಂದು ನನಗೆ ತೋರಿದುದರಿಂದ ಈ ಬರಹ.

ಆಕೆಯ ಹೆಸರು ಜೇನ್ ಮ್ಯಾಕ್ಸ್‌ವೆಲ್. ನೈಋತ್ಯ ಸ್ಕಾಟ್ಲೆಂಡಿನ ಮನ್ರೀತ್ ಎಂಬಲ್ಲಿಯ ಬ್ಯಾರೊನೆಟ್ ಮನೆತನ. ತಂದೆ ಸರ್ ವಿಲಿಯಂ, ತಾಯಿ ಮ್ಯಾಗ್ಡಲೀನ್. ಹದಿನೆಂಟನೆಯ ಶತಮಾನದ ನಡುಗಾಲದಲ್ಲಿ ಹುಟ್ಟಿದವಳು. ಬಿರುದು ದೊಡ್ಡದು, ಕೈಯಲ್ಲಿ ಕಾಸು ಕಡಿಮೆ. ತಾಯಿ ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಎಡಿನ್‌ಬರೋ ನಗರದ ಹಿಂಡ್‌ಫರ್ಡ್ಸ್ ಕ್ಲೋಸ್ ಎಂಬ ಓಣಿಯ ಮಹಡಿಯೊಂದರಲ್ಲಿ ಸಂಸಾರ ಮಾಡಿದಳು. ರಾಬರ್ಟ್ ಚೇಂಬರ್ಸ್ ಎಂಬಾತ ಆ ನಗರದ ಐತಿಹ್ಯಗಳನ್ನು ಒಟ್ಟುಮಾಡಿ ಬರೆದ ಪುಸ್ತಕದಲ್ಲಿ ಈ ಹುಡುಗಿಯರ ಚಿತ್ರವೊಂದಿದೆ: ಬೀದಿಯಲ್ಲಿ ಅಲೆಯುತ್ತಿದ್ದ ಹಂದಿಯೊಂದರ ಬೆನ್ನೇರಿ ಜೇನ್ ಹೈ ಸ್ಟ್ರೀಟಿನಲ್ಲಿ ಸವಾರಿ ಮಾಡುವುದು, ತಂಗಿ ಎಗ್ಲಾಂಟೈನ್ ಹಿಂದಿನಿಂದ ಕೋಲು ಹಿಡಿದು ಅಟ್ಟುವುದು! ಅದೇ ಎಗ್ಲಾಂಟೈನ್ ಚಹದ ನೀರಿಗಾಗಿ ಕೆಟ್ಲಿ ಹಿಡಿದು ಬೀದಿಯಾಚೆಯ ನಲ್ಲಿಗೆ ಹೋಗಿಬರುತ್ತಿದ್ದಳಂತೆ. ಮುಂದೆ ಆ ತಂಗಿ ಲೇಡಿ ವ್ಯಾಲೆಸ್ ಎನ್ನಿಸಿಕೊಂಡು ನಾಟಕಗಳನ್ನು ಬರೆದಳು. ಜೇನ್ ಹದಿನಾಲ್ಕರ ವಯಸ್ಸಿನಲ್ಲಿ ಬಂಡಿಯ ಮೇಲೆ ಆಡುತ್ತಿದ್ದಾಗ ಬಲಗೈಯ ಬೆರಳು ಚಕ್ರಕ್ಕೆ ಸಿಕ್ಕಿ ಹರಿದುಹೋಯಿತು. ಮುಂದೆ ಕೈಗವುಸಿನೊಳಗೆ ಮರದ ಬೆರಳನ್ನಿಟ್ಟುಕೊಂಡು ಓಡಾಡುತ್ತಿದ್ದಳೆಂದು ಹೇಳುತ್ತಾರೆ. ಲಂಡನ್ನಿನ ಮಂತ್ರಿಗಳೂ ರಾಜಕುಮಾರರೂ ಬಾಗಿ ಮುತ್ತಿಡುತ್ತಿದ್ದುದು ಇಂಥ ಕೈಗೆ.

1767ರಲ್ಲಿ ಆಕೆಗೆ ಗಾರ್ಡನ್ನಿನ ನಾಲ್ಕನೆಯ ಡ್ಯೂಕ್ ಅಲೆಗ್ಸಾಂಡರನೊಡನೆ ಮದುವೆಯಾಯಿತು. ಅವನಿಗೆ ಇಪ್ಪತ್ತನಾಲ್ಕು ವರ್ಷ. ಉತ್ತರದ ಬೆಟ್ಟನಾಡಿನಲ್ಲಿ ಕಣ್ಣು ಹರಿದಷ್ಟೂ ಅವನ ಭೂಮಿ. ಮದುವೆಗೆ ಮೊದಲು ಆಕೆ ಒಬ್ಬ ತರುಣ ಅಧಿಕಾರಿಯನ್ನು ಮೆಚ್ಚಿದ್ದಳೆಂದೂ, ಅವನು ಪರದೇಶದಲ್ಲಿ ಮಡಿದನೆಂಬ ಸುದ್ದಿ ಬಂದ ಮೇಲೆ ಡ್ಯೂಕನಿಗೆ ಒಪ್ಪಿಗೆಯಿತ್ತಳೆಂದೂ, ಮದುವೆಯಾದ ಹೊಸತರಲ್ಲಿ ಸತ್ತನೆಂದುಕೊಂಡವನಿಂದಲೇ ಕಾಗದ ಬಂದಿತೆಂದೂ ಒಂದು ಕಥೆಯುಂಟು. ಕಥೆ ಹೇಗಿದ್ದರೂ ಆ ದಾಂಪತ್ಯ ಸುಖದ್ದಾಗಲಿಲ್ಲ. ಡ್ಯೂಕನು ಕೆಟ್ಟವನೇನಲ್ಲ, ಬೇಟೆ, ನಾಯಿಗಳು, ಸಂಗೀತ — ಇವು ಅವನಿಗೆ ಪ್ರಿಯ. ‘ಗಾರ್ಡನ್ ಸೆಟರ್’ ಎಂದು ಇಂದಿಗೂ ಕರೆಯುವ ನಾಯಿಯ ತಳಿಗೆ ಅವನ ಮನೆತನದ ಹೆಸರು. ಅವನ ಮನೆವಾರ್ತೆ ನೋಡಿಕೊಳ್ಳುತ್ತಿದ್ದ ವಿಲಿಯಂ ಮಾರ್ಷಲ್ ಎಂಬಾತ ಸ್ಕಾಟ್ಲೆಂಡಿನ ಶ್ರೇಷ್ಠ ಪಿಟೀಲು ವಾದಕರಲ್ಲೊಬ್ಬ. ಅವನ ಧಾಟಿಯೊಂದಕ್ಕೆ ಬರ್ನ್ಸನೇ ಹಾಡು ಕಟ್ಟಿದನು. ಆದರೆ ಗಂಡನಿಗೆ ಬೇರೆಡೆಯೂ ಮಕ್ಕಳಾದರು. ಜಾರ್ಜ್ ಎಂಬ ಹೆಸರಿನ ಹುಡುಗರು ಮನೆಯಲ್ಲಿ ಇಬ್ಬರಾದಾಗ ಆಕೆ ‘ನನ್ನ ಜಾರ್ಜ್’, ‘ಡ್ಯೂಕರ ಜಾರ್ಜ್’ ಎಂದು ವಿಂಗಡಿಸಿ ಕರೆಯುತ್ತಿದ್ದಳಂತೆ. ಕಣ್ಣೀರಿಡಬೇಕಾದ ಕಡೆ ಇಂಥ ಮಾತನ್ನಾಡಿ ನಗುವುದು ಆಕೆಯ ಸ್ವಭಾವ. ಈ ಸ್ವಭಾವವನ್ನು ಅವಳ ಟೀಕಾಕಾರರು ಒರಟುತನವೆಂದರು.

ಇಂಗ್ಲಿಷಿನಲ್ಲಿ ಆಕೆಯನ್ನು ‘ಹೋಸ್ಟೆಸ್’ ಎನ್ನುತ್ತಾರೆ. ‘ಆತಿಥೇಯೆ’ ಎಂಬ ನಮ್ಮ ಮಾತು ಇದಕ್ಕೆ ಸರಿಹೋದೀತೇ ಎಂಬ ಸಂದೇಹ ನನಗಿದೆ. ನಮ್ಮ ಮಾತಿನಲ್ಲಿ ಬಾಳೆಲೆಯ, ಬಡಿಸುವ ಕೈಯ ನೆನಪಿದೆ. ಅಲ್ಲಿಯ ಮಾತಿಗೆ ಬೇರೆ ಭಾರವಿದೆ. ಆ ಕಾಲದ ಬ್ರಿಟನ್ನಿನಲ್ಲಿ ಹೆಂಗಸಿಗೆ ಮತವಿಲ್ಲ, ಪಾರ್ಲಿಮೆಂಟಿನಲ್ಲಿ ಸ್ಥಾನವಿಲ್ಲ, ಅಧಿಕಾರವಿಲ್ಲ, ಇದ್ದುದು ದಿವಾನಖಾನೆಯೊಂದೇ. ಯಾರು ಯಾರ ಪಕ್ಕದಲ್ಲಿ ಕುಳಿತು ಉಂಡರು, ಯಾರು ಯಾರೊಡನೆ ಕುಣಿದರು ಎಂಬುದರ ಮೇಲೆ ಪಾರ್ಲಿಮೆಂಟಿನ ಮತಗಳೂ ಸೈನ್ಯದ ಹುದ್ದೆಗಳೂ ತೂಗುತ್ತಿದ್ದವು. ಪಿಟ್ಟನು 1783ರ ಕೊನೆಯಲ್ಲಿ ಪ್ರಧಾನಿಯಾದ ಮೇಲೆ ಲಂಡನ್ನಿನ ಪಾಲ್ ಮಾಲ್ ಬೀದಿಯಲ್ಲಿ ಡಚೆಸ್ ಜೇನಳು ನಡೆಸಿದ ಮನೆ ಅವನ ಪಕ್ಷದವರ ಬೀಡಾಯಿತು. ಎದುರು ಪಕ್ಷದ ಫಾಕ್ಸನಿಗೆ ಡೆವನ್‌ಷೈರಿನ ಡಚೆಸ್ ಜಾರ್ಜಿಯಾನಾ ಇದ್ದಳು. 1784ರ ವೆಸ್ಟ್‌ಮಿನ್ಸ್ಟರ್ ಚುನಾವಣೆಯಲ್ಲಿ ಆಕೆ ಒಂದು ಮತಕ್ಕಾಗಿ ಕಟುಕನಿಗೆ ಮುತ್ತು ಕೊಟ್ಟಳೆಂದು ವ್ಯಂಗ್ಯಚಿತ್ರಕಾರರು ಊರೆಲ್ಲ ಸಾರಿದರು. ಗಂಡಸರ ಪಕ್ಷಗಳು ಎರಡು. ಆದರೆ ಇಬ್ಬರು ಹೆಂಗಸರ ಕೈಗೂ ಸಿಕ್ಕ ಆಯುಧ ಒಂದೇ ಎಂಬುದನ್ನು ವಾಚಕರು ಗಮನಿಸಬೇಕು.

ಇನ್ನು ಬರ್ನ್ಸನ ವಿಷಯ. 1786–87ರ ಚಳಿಗಾಲದಲ್ಲಿ ಎಡಿನ್‌ಬರೋ ಸಮಾಜದ ಬಾಗಿಲುಗಳು ಅವನಿಗೆ ತೆರೆದುದರಲ್ಲಿ ಈಕೆಯ ಪಾಲು ದೊಡ್ಡದು. ತನ್ನನ್ನು ನೆಲದಿಂದ ಮೇಲಕ್ಕೆತ್ತಿಕೊಂಡು ಹೋದ ಮಾತು ಬರ್ನ್ಸನದೊಂದೇ, ಬೇರಾವ ಗಂಡಸಿನದೂ ಅಲ್ಲ ಎಂಬರ್ಥದಲ್ಲಿ ಆಕೆ ಹೇಳುತ್ತಿದ್ದಳಂತೆ. ಇದು ವಿದ್ವಾಂಸರ ವಿಮರ್ಶೆಯಲ್ಲ, ನಿಜ. ಆದರೆ ಆ ಚಳಿಗಾಲದಲ್ಲಿ ವಿದ್ವಾಂಸರನೇಕರು ಅವನನ್ನು ‘ನೇಗಿಲು ಹಿಡಿದ ಅದ್ಭುತ’ವೆಂದು, ಜಾತ್ರೆಯಲ್ಲಿ ತೋರಿಸುವ ಆರು ಕಾಲಿನ ಕರುವಿನಂತೆ ನೋಡುತ್ತಿದ್ದಾಗ, ಈಕೆ ಅವನನ್ನು ಮಾತುಬಲ್ಲ ಮನುಷ್ಯನನ್ನಾಗಿ ಕಂಡಳು. ಹಂದಿಯ ಬೆನ್ನೇರಿದ್ದ ಹುಡುಗಿಗೆ ಸ್ಕಾಟ್ಲೆಂಡಿನ ಬೀದಿಯ ನುಡಿ ಗೊತ್ತಿತ್ತು. ಲಂಡನ್ನಿನಲ್ಲಿಯೂ ಆಕೆ ಅದನ್ನು ಬಿಟ್ಟುಕೊಡಲಿಲ್ಲ. ಅವನ ನುಡಿಯಲ್ಲಿ ಕವಿತೆಯಿದೆಯೆಂದು ಆಕೆಗೆ ಯಾರೂ ಅರ್ಥ ಹೇಳಬೇಕಾಗಿರಲಿಲ್ಲ.

1787ರ ಸೆಪ್ಟೆಂಬರಿನಲ್ಲಿ ಉತ್ತರದ ಪ್ರವಾಸದಲ್ಲಿದ್ದ ಬರ್ನ್ಸನು ಫಾಕಬರ್ಸ್ ಊರಿನ ಹತ್ತಿರವಿದ್ದ ಗಾರ್ಡನ್ ಕ್ಯಾಸಲಿಗೆ ಬಂದನು. ಐನೂರು ಅಡಿಗೂ ಮೀರಿದ ಮುಖಮಂಟಪದ ಅರಮನೆ ಅದು. ಡ್ಯೂಕ್, ಡಚೆಸ್ ಇಬ್ಬರೂ ಅವನನ್ನು ಊಟಕ್ಕೆ ಕುಳ್ಳಿರಿಸಿದರು, ಉಳಿಯಬೇಕೆಂದು ಕೇಳಿಕೊಂಡರು. ಆದರೆ ಅವನ ಜೊತೆಗಾರ, ನಿಕಲ್ ಎಂಬ ಶಾಲಾ ಉಪಾಧ್ಯಾಯ, ಊರ ಛತ್ರದಲ್ಲಿ ಉಳಿದಿದ್ದನು. ತನ್ನನ್ನು ಬಿಟ್ಟು ಕವಿಯೊಬ್ಬನೇ ಅರಮನೆಗೆ ಹೋದನೆಂದು ಆತನಿಗೆ ಸಿಟ್ಟೇರಿತು. ಕರೆತರಲು ಅರಮನೆಯಿಂದ ಜನ ಹೋದರೂ ಆತ ಬರಲೊಲ್ಲ. ಕುದುರೆಗಳನ್ನು ಹೂಡಿಸಿ ಹೊರಟುನಿಂತಿದ್ದಾನೆ! ಬರ್ನ್ಸನು ಗೆಳೆಯನ ಮಾನವನ್ನು ಕಾಯಲು ಅರಮನೆಯ ಆತಿಥ್ಯವನ್ನು ಬಿಟ್ಟು ಎದ್ದುಹೋದನು. ಆಮೇಲೆ ಕ್ಯಾಸಲನ್ನು ಹೊಗಳಿ ಪದ್ಯ ಬರೆದು ಕಳುಹಿಸಿದನು. ಅಧ್ಯಾಪಕರ ಮುಂಗೋಪ ಸಾಹಿತ್ಯಕ್ಕೆ ಎಷ್ಟು ನಷ್ಟ ಮಾಡಬಲ್ಲುದೆಂಬುದಕ್ಕೆ ಇದನ್ನು ನಾನು ನಮ್ಮ ಕೊಠಡಿಯ ಸಹೋದ್ಯೋಗಿಗಳಿಗೆ ಆಗಾಗ ಹೇಳುವುದುಂಟು.

ಆತಿಥ್ಯದ ಲೆಕ್ಕ ಇಷ್ಟಕ್ಕೇ ನಿಂತಿತು. ಊಟ, ಮೆಚ್ಚುಗೆ, ಚಂದಾದಾರರ ಪಟ್ಟಿ — ಇವುಗಳಾಚೆಗೆ ಎಡಿನ್‌ಬರೋ ನಗರದ ದೊಡ್ಡವರು ಕವಿಗೆ ನಿಂತ ಅನ್ನವನ್ನು ಕಲ್ಪಿಸಲಿಲ್ಲ. 1789ರಿಂದ ಅವನು ಸುಂಕದ ಇಲಾಖೆಯ ನೌಕರನಾಗಿ ಕುದುರೆಯ ಮೇಲೆ ಊರೂರು ಸುತ್ತಿದನು. 1796ರಲ್ಲಿ ಮೂವತ್ತೇಳನೆಯ ವಯಸ್ಸಿನಲ್ಲಿ ತೀರಿಕೊಂಡನು. ಡಚೆಸಳೂ ಈ ದೋಷದಿಂದ ಹೊರತಲ್ಲ. ಆದರೆ ಇದೇ 1789ರಲ್ಲಿ ನಡೆದ ಇನ್ನೊಂದು ಸಂಗತಿಯುಂಟು. ಆಕೆಯ ನೃತ್ಯವನ್ನು ಹೀನಾಯವಾಗಿ ಲೇವಡಿ ಮಾಡಿದ ಪದ್ಯಗಳನ್ನು ಲಂಡನ್ನಿನ ಪತ್ರಿಕೆಯೊಂದು ಬರ್ನ್ಸನ ಹೆಸರಿನಲ್ಲಿ ಅಚ್ಚುಮಾಡಿತು. ಬರ್ನ್ಸನು ತಡೆಯಲಾರದೆ ಸಂಪಾದಕನಿಗೆ ಕಾಗದ ಬರೆದನು: ಪದ್ಯಗಳು ತನ್ನವಲ್ಲ; ಅವನ್ನು ತನ್ನ ಹೆಸರಿಗೆ ಕಟ್ಟಿದರೆ ಉಪಕಾರ ಮಾಡಿದವಳಿಗೆ ಕೃತಘ್ನನಾದೆನೆಂಬ ಕಳಂಕ ತನಗೆ ಅಂಟುತ್ತದೆ. ಬಡತನದಲ್ಲಿದ್ದ ಕವಿಗೆ ಆ ಚಳಿಗಾಲದ ಊಟದ ಬೆಲೆ ಏನಾಗಿತ್ತೆಂಬುದನ್ನು ಈ ಕಾಗದ ಹೇಳುತ್ತದೆ.

ಫ್ರಾನ್ಸಿನೊಡನೆ ಯುದ್ಧ ನಡೆಯುತ್ತಿದ್ದ 1794ರಲ್ಲಿ ಡ್ಯೂಕನು ಒಂದು ಪಡೆಯನ್ನು ಕಟ್ಟಲೊಪ್ಪಿದನು. ಮಗ ಜಾರ್ಜ್, ಹಂಟ್ಲಿಯ ಮಾರ್ಕ್ವಿಸ್, ಅದರ ದಳಪತಿ. ಗಾರ್ಡನ್ ಹೈಲ್ಯಾಂಡರ್ಸ್ ಎಂದು ಮುಂದೆ ಹೆಸರಾದುದು ಇದೇ. ಆಗ ನಲವತ್ತೈದರ ಆಸುಪಾಸಿನಲ್ಲಿದ್ದ ಡಚೆಸ್ ಸೈನಿಕರ ಅಂಗಿಯನ್ನೂ ಗರಿಯ ಟೊಪ್ಪಿಗೆಯನ್ನೂ ಧರಿಸಿ ಸಂತೆಗಳಿಗೆ ಕುದುರೆಯ ಮೇಲೆ ಹೋಗಿ, ಸೇರುವವನಿಗೆ ಕೊಡುವ ರಾಜಮುದ್ರೆಯ ನಾಣ್ಯವನ್ನು ತುಟಿಗಳ ನಡುವೆ ಹಿಡಿದು, ಮುತ್ತಿನೊಡನೆ ಕೊಡುತ್ತಿದ್ದಳೆಂಬುದು ಪ್ರಸಿದ್ಧ ಐತಿಹ್ಯ. ನಗುವವರು ನಗುವುದು ಇಲ್ಲಿಯೇ. ನನಗೆ ನಗು ಬರಲಿಲ್ಲ, ಬೇರೊಂದು ಕಾರಣಕ್ಕೆ. 1799ರ ಅಕ್ಟೋಬರಿನಲ್ಲಿ ಹಾಲೆಂಡಿನ ಎಗ್ಮಾಂಟ್ ಎಂಬಲ್ಲಿಯ ಮರಳದಿಣ್ಣೆಗಳ ಮೇಲೆ ಆ ಪಡೆ ಬಹಳ ಜನರನ್ನು ಕಳೆದುಕೊಂಡಿತು; ಜಾರ್ಜನೇ ಗಾಯಗೊಂಡನು. ಬೆಟ್ಟನಾಡಿನ ಗುಡಿಸಲುಗಳಿಂದ ಆಕೆ ಕರೆದುತಂದ ಹುಡುಗರಲ್ಲಿ ಎಷ್ಟು ಮಂದಿ ಆ ಮರಳಿನಲ್ಲಿ ಮಲಗಿದರೋ! ಮುತ್ತು ಕೊಟ್ಟಳೆಂಬುದಕ್ಕಾಗಿ ಆಕೆಯನ್ನು ಹಾಸ್ಯ ಮಾಡಿದವರಿದ್ದಾರೆ. ಮುತ್ತು ಪಡೆದವರಿಗೇನಾಯಿತೆಂದು ಕೇಳಿದವರು ಕಡಿಮೆ.

ಹೆಣ್ಣುಮಕ್ಕಳು ಐವರು. ಹಿರಿಯವಳು ಷಾರ್ಲಟ್ 1789ರಲ್ಲಿ ಚಾರ್ಲ್ಸ್ ಲೆನಾಕ್ಸನನ್ನು ಮದುವೆಯಾದಳು. ಆತ ಅದೇ ವರ್ಷ ರಾಜಕುಮಾರನಾದ ಯಾರ್ಕ್ ಡ್ಯೂಕನೊಡನೆ ಪಿಸ್ತೂಲಿನ ದ್ವಂದ್ವ ಕಾದಿದ್ದ ಬಿಸಿರಕ್ತದವನು. ಮುಂದೆ ರಿಚ್ಮಂಡಿನ ಡ್ಯೂಕನಾದನು. ಮ್ಯಾಡಲೀನಾ ಒಬ್ಬ ಬ್ಯಾರೊನೆಟನನ್ನೂ, ಆತ ತೀರಿದ ಮೇಲೆ ಪಾಮರ್ ಎಂಬಾತನನ್ನೂ ಕೈಹಿಡಿದಳು. ಸೂಸನ್ ಮ್ಯಾಂಚೆಸ್ಟರಿನ ಡಚೆಸ್ ಆದಳು. ಮುಂದೆ ಗಂಡನಿಂದ ಬೇರೆಯಾದಳು. ಕಿರಿಯಳಾದ ಜಾರ್ಜಿಯಾನಾಳಿಗೆ ಬೆಡ್‌ಫರ್ಡಿನ ಡ್ಯೂಕ್ ಫ್ರಾನ್ಸಿಸನೊಡನೆ ಮಾತು ನಡೆದಿತ್ತು. ಆತ 1802ರಲ್ಲಿ ತೀರಿಕೊಂಡನು. ಮರುವರ್ಷ ಆತನ ತಮ್ಮ, ಹೊಸ ಡ್ಯೂಕ್, ಆಕೆಯ ಗಂಡನಾದನು. ಲಂಡನ್ ಬಾಯಿಬಿಟ್ಟು ನಕ್ಕಿತು.

ಉಳಿದವಳು ಲೂಯಿಸಾ. ಇವಳ ಮದುವೆಯ ಪ್ರಸಂಗದಲ್ಲಿ ನಾವು ಸ್ವಲ್ಪ ನಿಲ್ಲಬೇಕು. 1797ರಲ್ಲಿ ಇವಳಿಗೆ ಗೊತ್ತಾದ ವರ ಕಾರ್ನ್‌ವಾಲಿಸನ ಒಬ್ಬನೇ ಮಗ. ಈ ಕಾರ್ನ್‌ವಾಲಿಸನು ಕನ್ನಡಿಗರಿಗೆ ಹೊಸಬನಲ್ಲ. 1792ರಲ್ಲಿ ಶ್ರೀರಂಗಪಟ್ಟಣವನ್ನು ಮುತ್ತಿ, ಟಿಪ್ಪುವಿನ ಅರ್ಧ ರಾಜ್ಯವನ್ನು ಬಿಡಿಸಿಕೊಂಡು, ಒಪ್ಪಂದದ ಹಣ ತೀರುವವರೆಗೆ ಅವನ ಇಬ್ಬರು ಎಳೆಯ ಮಕ್ಕಳನ್ನು ಒತ್ತೆಯಾಗಿ ಕರೆದೊಯ್ದವನೇ ಆತ. ಆ ಜಯಕ್ಕಾಗಿಯೇ ಮಾರ್ಕ್ವಿಸ್ ಪದವಿ ಪಡೆದು ಊರಿಗೆ ಮರಳಿದ್ದನು. ಮಗನಿಗೆ ಹೆಣ್ಣು ತರುವಾಗ ಆತನಿಗೊಂದು ಅಳುಕು: ಗಾರ್ಡನ್ ಮನೆತನದಲ್ಲಿ ಹುಚ್ಚಿನ ಅಂಶವಿದೆಯೆಂದು ಜನ ಆಡಿಕೊಳ್ಳುತ್ತಿದ್ದರು. ಇದನ್ನರಿತ ಡಚೆಸ್, ಲೂಯಿಸಾಳ ಮೈಯಲ್ಲಿ ಗಾರ್ಡನ್ ರಕ್ತ ಒಂದು ತೊಟ್ಟೂ ಇಲ್ಲವೆಂದು ಆತನಿಗೆ ಭರವಸೆಯಿತ್ತಳಂತೆ!

ಈ ಮಾತನ್ನು ಶತಮಾನಗಳ ಕಾಲ ಊಟದ ಮೇಜುಗಳಲ್ಲಿ ಹೇಳಿ ನಕ್ಕಿದ್ದಾರೆ. ನಾನೂ ಮೊದಲ ಓದಿನಲ್ಲಿ ನಕ್ಕೆನು. ಎರಡನೆಯ ಓದಿನಲ್ಲಿ ನಗು ನಿಂತಿತು. ಮಗಳ ಮದುವೆ ಮುರಿಯಬಾರದೆಂದು ತಾಯಿ ತನ್ನ ಶೀಲಕ್ಕೆ ತಾನೇ ಮಸಿ ಬಳಿದುಕೊಂಡಿದ್ದಾಳೆ. ಅದು ನಿಜವೋ ಹಾಸ್ಯವೋ ಯಾರೂ ಹೇಳಲಾರರು. ಗಂಡಸಿಗಾದರೆ ಇಂಥ ಸಂಕಟದಲ್ಲಿ ಕೊಡಲು ಹಣವುಂಟು, ಭೂಮಿಯುಂಟು, ಸರ್ಕಾರದ ಹುದ್ದೆಯುಂಟು. ಈಕೆಗೆ ಕೊಡಲಿದ್ದುದು ತನ್ನ ಹೆಸರೊಂದೇ. ಅದನ್ನು ಮೇಜಿನ ಮೇಲೆ ಇಟ್ಟುಬಿಟ್ಟಳು. ಆ ಮೇಜಿನ ಆಚೆ ಕುಳಿತಿದ್ದವನು ಐದು ವರ್ಷದ ಹಿಂದೆ ಕಾವೇರಿಯ ದಂಡೆಯಲ್ಲಿ ಇನ್ನೊಬ್ಬರ ಮಕ್ಕಳನ್ನು ಒಪ್ಪಂದಕ್ಕೆ ಒತ್ತೆಯಾಗಿ ಎಣಿಸಿಕೊಂಡವನು. ದೊಡ್ಡ ಮನೆತನಗಳ ವ್ಯವಹಾರದಲ್ಲಿ ಮಕ್ಕಳ ಬೆಲೆ ಕಟ್ಟುವ ವಿದ್ಯೆ ಇಬ್ಬರಿಗೂ ತಿಳಿದಿತ್ತು. ಈ ವ್ಯವಹಾರದಲ್ಲಿ ಲೂಯಿಸಾಳ ಮನಸ್ಸೇನಿತ್ತೆಂದು ಈ ಕಥೆಯನ್ನು ಹೇಳುವವರಾರೂ ಹೇಳುವುದಿಲ್ಲ. ಮಗಳಿಗಾಗಿ ಮಾನವನ್ನೇ ತೆತ್ತ ತಾಯಿಯೆಂದು ಡಚೆಸಳನ್ನು ಕೊಂಡಾಡಲು ಹೊರಟ ನನ್ನ ಲೇಖನಿ ಈ ಒಂದು ಕಾರಣಕ್ಕೆ ತಡೆದು ನಿಲ್ಲುತ್ತದೆ.

ಲಂಡನ್ನಿನ ಗದ್ದಲದಿಂದ ಆಕೆ ಬೇಸಗೆಯಲ್ಲಿ ತಪ್ಪಿಸಿಕೊಂಡು ಹೋಗುತ್ತಿದ್ದುದು ಸ್ಪೇ ನದಿಯ ದಂಡೆಯ ಕಿನ್ರಾರಾ ಎಂಬ ಎಡೆಗೆ. ಮೊದಲು ಅಲ್ಲಿದ್ದುದು ಒಂದು ಹಳೆಯ ಬೇಸಾಯದ ಮನೆ. ನೆರೆಯ ರಾಥಿಮರ್ಕಸ್ ಮನೆತನದ ಎಲಿಜಬೆತ್ ಗ್ರಾಂಟ್ ತನ್ನ ನೆನಪುಗಳಲ್ಲಿ ಅಲ್ಲಿಯ ಸಡಗರವನ್ನು ವರ್ಣಿಸಿದ್ದಾಳೆ: ಸಾಲದ ಕೋಣೆಗಳಲ್ಲಿ ಒತ್ತೊತ್ತಾಗಿ ತುಂಬಿದ ದೊಡ್ಡ ಅತಿಥಿಗಳು, ಪಿಟೀಲು, ಕುಣಿತ, ನಗೆ. ಡಚೆಸಳ ನಿಜವಾದ ಆತಿಥ್ಯ ಪಾಲ್ ಮಾಲಿನದಲ್ಲ, ಇಲ್ಲಿಯದೆಂದು ನನ್ನ ಅಭಿಪ್ರಾಯ. ಇಲ್ಲಿ ಮತ ಎಣಿಸುವ ಹಂಗಿರಲಿಲ್ಲ. ಕಿರಿಯ ಮಗಳು ಬೆಡ್‌ಫರ್ಡಿನ ವೈಭವದ ನಡುವೆಯೂ ವರ್ಷ ವರ್ಷ ಈ ಬೆಟ್ಟಗಳಿಗೇ ಮರಳಿ, ಗ್ಲೆನ್ ಫೆಷೀ ಕಣಿವೆಯಲ್ಲಿ ಗುಡಿಸಲುಗಳನ್ನು ಹಾಕಿಸಿಕೊಂಡು ಇರುತ್ತಿದ್ದಳು. ತಾಯಿಯಿಂದ ಆಕೆಗೆ ಬಂದ ಆಸ್ತಿಯೆಂದರೆ ಇದೇ ಇರಬೇಕು.

ಗಂಡಹೆಂಡಿರು 1805ರಲ್ಲಿ ಪತ್ರ ಮಾಡಿಕೊಂಡು ಬೇರೆಯಾದರು. ಕಿರಿಯ ಮಗ ಅಲೆಗ್ಸಾಂಡರ್ 1808ರಲ್ಲಿ ತೀರಿಕೊಂಡನು. 1812ರ ಏಪ್ರಿಲಿನಲ್ಲಿ ಡಚೆಸ್ ಲಂಡನ್ನಿನ ಪಿಕಡಿಲಿಯ ಹೋಟೆಲೊಂದರಲ್ಲಿ ಕಣ್ಮುಚ್ಚಿದಳು. ಊರಿಗೆಲ್ಲ ಮನೆ ತೆರೆದಿಟ್ಟವಳಿಗೆ ಕೊನೆಗಾಲಕ್ಕೆ ಬಾಡಿಗೆಯ ಕೋಣೆ.

ಅವಳು ಹೋದ ಮೂರು ವರ್ಷಕ್ಕೆ, 1815ರ ಜೂನ್ 15ರ ರಾತ್ರಿ, ಹಿರಿಯ ಮಗಳು ಷಾರ್ಲಟ್ ಬ್ರಸೆಲ್ಸಿನಲ್ಲಿ ಒಂದು ನೃತ್ಯಕೂಟವನ್ನು ಏರ್ಪಡಿಸಿದಳು. ಸಾಲಕ್ಕೆ ಅಂಜಿ ಅಗ್ಗದ ಊರೆಂದು ಅಲ್ಲಿ ನೆಲೆಸಿದ್ದ ಸಂಸಾರ ಅದು, ಹದಿನಾಲ್ಕು ಮಕ್ಕಳು, ನೃತ್ಯ ನಡೆದುದು ಗಾಡಿ ಮಾಡುವವನೊಬ್ಬನ ಹಳೆಯ ಕೊಟ್ಟಿಗೆಯಲ್ಲೆಂದು ಹೇಳುತ್ತಾರೆ. ಮುಖ್ಯ ಅತಿಥಿ ವೆಲಿಂಗ್ಟನ್ — 1799ರಲ್ಲಿ ಟಿಪ್ಪು ಮಡಿದ ಮೇಲೆ ಶ್ರೀರಂಗಪಟ್ಟಣದ ಅಧಿಕಾರಿಯಾಗಿ ದರಿಯಾ ದೌಲತ್ತಿನಲ್ಲಿ ಬಿಡಾರ ಮಾಡಿದ್ದ ಅದೇ ಆರ್ಥರ್ ವೆಲ್ಲೆಸ್ಲಿ. ಅತಿಥಿಗಳ ವಿನೋದಕ್ಕೆ ಕುಣಿದು ತೋರಿಸಿದವರು ಡಚೆಸ್ ಜೇನಳು ಕಟ್ಟಿದ ಪಡೆಯ ಹೈಲ್ಯಾಂಡರುಗಳು. ಊಟದ ನಡುವೆ ನೆಪೋಲಿಯನ್ನನ ಸೈನ್ಯ ಹತ್ತಿರ ಬಂದ ಸುದ್ದಿ ಬಂದಿತು. ವೆಲಿಂಗ್ಟನ್ನನು ಮನೆಯ ಯಜಮಾನನನ್ನು ಪಕ್ಕಕ್ಕೆ ಕರೆದು ಭೂಪಟವಿದೆಯೇ ಎಂದು ಕೇಳಿದನು. ಮರುದಿನ ಕಾಟ್ರ್ ಬ್ರಾ ಎಂಬಲ್ಲಿ ಆ ಪಡೆಯ ದಳಪತಿ ಕ್ಯಾಮರನ್ ಬಿದ್ದನು. ಹಿಂದಿನ ರಾತ್ರಿಯ ನೃತ್ಯದ ಉಡುಪಿನಲ್ಲೇ ಕೆಲವು ಅಧಿಕಾರಿಗಳು ಕಾದಿದರಂತೆ. ತಾಯಿ ತೆರೆದ ದಿವಾನಖಾನೆಯೂ ತಾಯಿ ಕಟ್ಟಿದ ಸೈನ್ಯವೂ ಮಗಳ ಮನೆಯಲ್ಲಿ ಒಂದೇ ರಾತ್ರಿ ಕೂಡಿದುವು.

ವಂಶವೇನಾಯಿತು? ಮಗ ಜಾರ್ಜ್ ಐದನೆಯ ಡ್ಯೂಕನಾಗಿ 1836ರಲ್ಲಿ ಮಕ್ಕಳಿಲ್ಲದೆ ತೀರಿದನು. ಆ ಡ್ಯೂಕ್ ಪದವಿ ಅಲ್ಲಿಗೇ ಅಳಿಯಿತು. ಭೂಮಿ ಷಾರ್ಲಟಳ ಮಗನಿಗೆ ಹೋಯಿತು. ಅಷ್ಟು ಹಟಹಿಡಿದು ಸಾಧಿಸಿದ ಲೂಯಿಸಾಳ ಮದುವೆಯಲ್ಲಿ ಐವರೂ ಹೆಣ್ಣುಮಕ್ಕಳೇ; 1823ರಲ್ಲಿ ಕಾರ್ನ್‌ವಾಲಿಸರ ಮಾರ್ಕ್ವಿಸ್ ಪದವಿಯೂ ಮುಗಿಯಿತು.

ಮುಂದಿನ ವಾರ ತರಗತಿಯಲ್ಲಿ ಇದನ್ನೆಲ್ಲ ಹೇಳಿದೆನು. ಪಠ್ಯಕ್ರಮ ಒಂದು ಗಂಟೆ ಹಿಂದುಳಿಯಿತು. ಡಚೆಸಳ ಇಚ್ಛೆಯಂತೆ ಆಕೆಯನ್ನು ಕಿನ್ರಾರಾದಲ್ಲೇ ಮಣ್ಣುಮಾಡಿದರೆಂದೂ, ಬೇರೆಯಾಗಿದ್ದ ಗಂಡನೇ ಅಲ್ಲಿ ಕಲ್ಲು ನಿಲ್ಲಿಸಿ, ಬದುಕಿದ್ದಾಗ ಆಕೆ ಬರೆಸಬೇಕೆಂದು ಕೇಳಿಕೊಂಡಿದ್ದ ಒಕ್ಕಣೆಯನ್ನೇ ಕೊರೆಸಿದನೆಂದೂ ಹೇಳಿದಾಗ ಅದೇ ಹುಡುಗಿ ಮತ್ತೆ ಎದ್ದಳು. “ಅದರಲ್ಲಿ ಬರ್ನ್ಸನ ಹೆಸರಿದೆಯೇ ಸಾರ್?”

ಇಲ್ಲವೆಂದೆನು. ಮಕ್ಕಳ ಹೆಸರುಗಳಿವೆ, ಹೆಣ್ಣುಮಕ್ಕಳು ಸೇರಿದ ಮನೆಗಳ ಹೆಸರುಗಳಿವೆ — ರಿಚ್ಮಂಡ್, ಮ್ಯಾಂಚೆಸ್ಟರ್, ಕಾರ್ನ್‌ವಾಲಿಸ್, ಬೆಡ್‌ಫರ್ಡ್.